ಹಲಗೆಯ ಮಾತು

ಹೊಳೆದಂಡೆಯ ಆ ಊರಿನಲ್ಲಿ ಮೈಕಿನ ಮಾತು ನಂಬದವರೂ ಡಂಗುರ ಸಾರುವ ಯಮನಪ್ಪನ ಹಲಗೆಯ ಮಾತು ನಂಬುತ್ತಿದ್ದರು. ಹಿಂದಿನ ಮಹಾಪೂರದಲ್ಲಿ ಕೆಳಗಿನ ಓಣಿಯನ್ನು ಎಬ್ಬಿಸಿ ಸೇತುವೆ ದಾಟಿಸಿದ್ದು ಆ ಹಲಗೆಯೇ. ಊರಿಂದ ಹೊರಗೆ ಹೋಗಲು ಇದ್ದದ್ದು ಆ ಸೇತುವೆಯೊಂದೇ ದಾರಿ, ಒಂದು ಗಾಡಿ ದಾಟುವಷ್ಟು ಅಗಲ.

ಅಣೆಕಟ್ಟಿನಿಂದ ನೀರು ಬಿಡುತ್ತಾರೆಂಬ ಸುದ್ದಿ ಬಂದ ಬೆಳಿಗ್ಗೆ ಪಂಚಾಯ್ತಿಯಲ್ಲಿ ತುರ್ತು ಸಭೆ ನಡೆಯಿತು. ಸಭೆ ಮುಗಿಸಿ ಹೊರಬಂದ ಅಧ್ಯಕ್ಷರು ಯಮನಪ್ಪನ ಹೆಗಲ ಮೇಲೆ ಕೈಯಿಟ್ಟರು.

"ಸಂಜೀತನಕ ನೀರು ಬರಂಗಿಲ್ಲ. ಮಂದಿ ಗಾಬರಿಬಿದ್ದು ಸೇತುವಿಗೆ ನುಗ್ಗಿದರ ಹೆಚ್ಚುಕಮ್ಮಿ ಆಗ್ತದ. ಮಧ್ಯಾಹ್ನ ಟ್ರ್ಯಾಕ್ಟರ್ ಕಳಸ್ತೀವಿ, ಅಲ್ಲೀತನಕ ಯಾರೂ ಮನಿ ಬಿಡಬ್ಯಾಡ್ರಿ ಅಂತ ಸಾರು."

"ಖರೇ ಏನ್ರಿ ಸಾವ್ಕಾರ್ರ? ಬಾಣಂತಿ ಮಗಳು ಅದಾಳ್ರಿ ನನ್ನ ಮನ್ಯಾಗ."

"ನಿನ್ನ ಮಗಳಂದ್ರ ನನ್ನ ಮಗಳಲ್ಲೇನೋ?"

ಯಮನಪ್ಪ ಒಂದು ಮನೆಯನ್ನೂ ಬಿಡದೆ ಸಾರಿದ. ಕಟ್ಟಿದ್ದ ಗಂಟುಗಳನ್ನು ಜನ ಬಿಚ್ಚಿದರು, ಒಲೆ ಹಚ್ಚಿದರು. ಅವನ ಮಗಳು ಕೂಸನ್ನು ಮತ್ತೆ ತೊಟ್ಟಿಲಿಗೆ ಹಾಕಿದಳು.

ಸಾರಿ ಮುಗಿಸಿ ಸೇತುವೆಯ ಹತ್ತಿರ ಬಂದಾಗ ನೀರು ಆಗಲೇ ಅದರ ಅಂಚಿಗೆ ಬಡಿಯುತ್ತಿತ್ತು. ಹಿಂದಿನಿಂದ ಅಧ್ಯಕ್ಷರ ಮನೆಯ ಮೂರು ಟ್ರ್ಯಾಕ್ಟರುಗಳು ಬಂದವು. ಕಪಾಟು, ಟಿವಿ, ಜೋಳದ ಚೀಲ, ಎಮ್ಮೆ, ಎಲ್ಲವೂ ಏರಿದ್ದವು. ಮುಂದಿನದರಲ್ಲಿ ಕೂತಿದ್ದ ಅಧ್ಯಕ್ಷರ ಹೆಂಡತಿ ಅವನನ್ನು ಕಂಡು ಗಾಡಿ ನಿಧಾನ ಮಾಡಿಸಿದರು.

"ಭಾಳ ಉಪಕಾರ ಆತು ಯಮನಪ್ಪ. ನೀ ಸಾರಿದ್ದಕ್ಕ ದಾರಿ ಖುಲ್ಲಾ ಸಿಕ್ತು ನೋಡು."