ಪಾಳೇಗಾರರ ವಂಶ

ಸರ್ಕಾರಿ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಸುಕನ್ಯಾಳನ್ನು ಮಗನಿಗಾಗಿ ನೋಡಲು ಬಂದಿದ್ದ ಭರಮಣ್ಣನವರು, ಉಪ್ಪಿಟ್ಟಿಗೆ ಕೈ ಹಾಕುವ ಮೊದಲೇ ಪರೀಕ್ಷೆ ಶುರುಮಾಡಿದರು.

“‘ಡಿಸೆಂಡ್ ಫ್ರಮ್’ ಅಂದ್ರೇನಮ್ಮ?”

“ಇಂಥವರ ವಂಶದಲ್ಲಿ ಹುಟ್ಟಿಬರೋದು ಅಂತ, ಸಾರ್.”

“ಹಾಂ! ವಿ ಡಿಸೆಂಡ್ ಫ್ರಮ್ ಪಾಳೇಗಾರ್ಸ್. ಈ ಊರಿನ ಕೋಟೆ ಕಟ್ಟಿಸಿದ್ದೇ ನಮ್ಮ ಹಿರೀಕರು. ನಿಮ್ಮದು ಯಾವ ವಂಶ?”

ಸುಕನ್ಯಾಳ ತಂದೆ ತಲೆ ತಗ್ಗಿಸಿದರು. ಅವಳೇ ಉತ್ತರ ಕೊಟ್ಟಳು.

“ನಮ್ಮದೂ ಅದೇ ಪಾಳೇಗಾರರ ವಂಶ, ಸಾರ್. ಅಂದ್ಮೇಲೆ ನಿಮ್ಮ ಮಗ ನನಗೆ ಅಣ್ಣ ಆಗ್ಬೇಕು. ಮದುವೆ ಹೆಂಗಾಗುತ್ತೆ?”

ಪಕ್ಕದಲ್ಲೇ ಕೂತಿದ್ದ ಮಗ ಅಪ್ಪನನ್ನು ದುರುಗುಟ್ಟಿ ನೋಡಿದ. ಸರ್ಕಾರಿ ಸಂಬಳದ ಸೊಸೆ ಕೈತಪ್ಪುವುದನ್ನು ಕಂಡು ಭರಮಣ್ಣನವರು ಬೆವರಿದರು.

“ಅಯ್ಯೋ, ವಂಶ ಅಂದ್ರೆ ಹಂಗಲ್ಲಮ್ಮ! ನಮ್ಮ ಹಿರೀಕರು ಆ ಪಾಳೇಗಾರರ ಲಾಯದಾಗೆ ಕುದುರೆ ಲದ್ದಿ ಬಾಚ್ತಿದ್ರು, ಅಷ್ಟೆ!”