ಆರನೆಯ ಚುಕ್ಕಿ

"ಐದೂ ಚುಕ್ಕಿ ಬಿಚ್ಚು. ಕ್ಲಬ್ ಈಗ ನಂದು. ಇದರ ಚರಿತ್ರಿ ಈ ಸೀಜನ್ನಿಂದನ ಶುರು," ಎಂದು ರೈಸ್‌ಮಿಲ್ ಮಾಲೀಕ ಉದಯಕುಮಾರ ನೀಲಿ ಜೆರ್ಸಿಯನ್ನು ಹೊಲಿಗೆ ಯಂತ್ರದ ಮೇಲೆ ಎಸೆದ. ದರ್ಜಿ ಮುನವ್ವರ್ ಬೀ ಬ್ಲೇಡು ಎತ್ತಿಕೊಂಡಳು. ಒಂದೂ ಪಂದ್ಯ ಸೋಲದೆ ಫುಟ್‌ಬಾಲ್ ಲೀಗ್ ಗೆದ್ದ ತಂಡಕ್ಕೆ ಅಂದು ಸಂಜೆ ರಾಯಚೂರಿನಲ್ಲಿ ಮೆರವಣಿಗೆಯಿತ್ತು.

ಆ ಹಳೆಯ ಜೆರ್ಸಿಯನ್ನು ಮೆರವಣಿಗೆಯ ದಿನ ಗೆದ್ದ ನಾಯಕ ಮಾತ್ರ ತೊಡುತ್ತಿದ್ದ. ಲೀಗ್ ಗೆದ್ದಾಗಲೆಲ್ಲ ನಾಯಕನ ತಾಯಿ ತನ್ನ ಸೀರೆಯ ಜರಿಯಂಚು ಕೊಡಬೇಕು. ಮುನವ್ವರ್ ಬೀ ಅದರಲ್ಲಿ ಚುಕ್ಕಿ ಕತ್ತರಿಸಿ ಎದೆಯ ಮೇಲೆ ಹೊಲಿಯಬೇಕು. ಮೂರನೆಯ ಚುಕ್ಕಿ ಅವಳದೇ ನಿಕಾಹದ ಸೀರೆಯದು. ಆ ವರ್ಷ ಅವಳ ಮಗ ಮುಷರ್ರಫ್ ನಾಯಕನಾಗಿದ್ದ. ಈಗ ಅವನಿಲ್ಲ. ಬ್ಲೇಡು ಆ ಚುಕ್ಕಿಯ ದಾರಕ್ಕೆ ತಾಗುತ್ತಿದ್ದಂತೆ ಅವಳ ಕೈ ನಿಂತಿತು.

"ನನಗ ಹೊಲಿಯೋದಷ್ಟ ಬರ್ತದ್ರಿ ಸಾವ್ಕಾರ್ರ," ಎಂದು ಬ್ಲೇಡನ್ನು ಕಿಟಕಿಯಾಚೆ ಒಗೆದಳು. ಬಾಗಿಲಲ್ಲಿ ಈ ವರ್ಷದ ನಾಯಕನ ತಾಯಿ, ಕಲ್ಮಲದ ವೀರಭದ್ರಮ್ಮ, ಬರಿಗೈಲಿ ನಿಂತಿದ್ದಳು. "ಅಕ್ಕಾ, ಅಂಚು ತಂದಿಲ್ಲೇನ?" ಎಂದು ಮುನವ್ವರ್ ಬೀ ಕೇಳಿದಳು.

"ಯವ್ವಾ, ಮಗ ಮುಂದಿನ ಸೀಜನ್ ಆಡಬೇಕಂದ್ರ ಸುಮ್ನ ಮನಿಗಿ ಹೋಗು," ಎಂದ ಉದಯಕುಮಾರ.

ವೀರಭದ್ರಮ್ಮ ಅವನನ್ನು ದಾಟಿಕೊಂಡು ಒಳಗೆ ಬಂದಳು. "ಅಂಚು ಉಟ್ಗೊಂಡ ಬಂದೀನಿ, ತಂಗಿ. ಕತ್ತರಿ ಕೊಡು," ಎಂದಳು. ಆಮೇಲೆ ಅವನ ಕಣ್ಣೆದುರೇ, ಉಟ್ಟ ಸೀರೆಯ ಸೆರಗಿನ ಜರಿಯಂಚನ್ನು ಚರ್ರನೆ ಕತ್ತರಿಸಿದಳು.