ಮಂಚದಡಿಯ ಲೋಟ

ಪರದೆಯ ಮೇಲೆ ಸಾಯುತ್ತಿದ್ದ ಮುದುಕಿ ನೀರಿನ ಲೋಟಕ್ಕೆ ಕೈ ಚಾಚಿದಳು. ಲೋಟ ಬಿತ್ತು, ಉರುಳುತ್ತಾ ಮಂಚದಡಿ ಸೇರಿತು. "ಸಾವನ್ನೂ ಇಷ್ಟು ಚೆಂದ ತೋರಿಸೋಕೆ ಇವನೊಬ್ಬನಿಗೇ ಸಾಧ್ಯ" ಎಂದು ಹಿಂದಿನ ಸಾಲಿನವರು ಪಿಸುಗುಟ್ಟಿದರು.

ನಿರ್ದೇಶಕನ ಪಕ್ಕದಲ್ಲಿ ಕೂತಿದ್ದ ಅವನ ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಅಮ್ಮ ಹೋದ ದಿನ ಆ ಲೋಟವನ್ನು ಮಂಚದಡಿಯಿಂದ ಎತ್ತಿಟ್ಟವಳು ಅವಳೇ. ಯಾರ ಮುಂದೂ ಬಾಯಿಬಿಟ್ಟಿರಲಿಲ್ಲ. ತಮ್ಮನ ತೋಳನ್ನು ಉಗುರು ಇಳಿಯುವಂತೆ ಹಿಡಿದಳು.

"'ನಾನು ಬರೋ ಹೊತ್ತಿಗೇ ಉಸಿರು ನಿಂತಿತ್ತು' ಅಂತ ನೀನೇ ಅಂದಿದ್ದೆಯಲ್ಲೋ ಪಾಪಿ! ಲೋಟ ಬಿದ್ದಿದ್ದು ನಿನಗೆ ಹೇಗೆ ಗೊತ್ತು?"

"ಬಾಗಿಲಲ್ಲೇ ನಿಂತಿದ್ದೆ" ಅಂದ, ಪರದೆಯಿಂದ ಕಣ್ಣು ಕೀಳದೆ.

"ಒಂದು ಗುಟುಕು ನೀರು ಬಿಡೋಕೆ ನಿನಗೇನು ದೊಡ್ಡರೋಗ ಬಂದಿತ್ತೋ?"

"ಕಿಟಕಿಯ ಬೆಳಕು ಅಮ್ಮನ ಮುಖದ ಮೇಲೆ ಬಿದ್ದಿತ್ತಕ್ಕಾ. ಒಳಗೆ ಬಂದಿದ್ರೆ ನನ್ನ ನೆರಳು ಅಡ್ಡ ಬರ್ತಿತ್ತು."